ತಪ್ಪು ಮಾಡಿದ್ದು ನೌಕರನೋ, ಸ್ಕ್ರೀನೋ? ಗುಣಮಟ್ಟದ ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆ

ಭಾರತದಲ್ಲಿ ಕೂತ ಯಾರೋ ಒಬ್ಬ ನೌಕರ ತಪ್ಪು ಬಟನ್ ಒತ್ತಿದ, ಅಮೆರಿಕದ ಬ್ಯಾಂಕಿನ 90 ಕೋಟಿ ಡಾಲರ್ ಹೋಯಿತು. ಇಂಥ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಹಣ ಹೋದದ್ದು ನಿಜ. ಆದರೆ ‘ಒಬ್ಬ ನೌಕರ’ ಎನ್ನುವುದೂ ತಪ್ಪು, ‘ಬಟನ್ ಒತ್ತಿದ’ ಎನ್ನುವುದೂ ಅರ್ಧ ಸತ್ಯ. ಉಳಿದರ್ಧ ತಿಳಿದರೆ ನಮ್ಮ ಕಾರ್ಖಾನೆ, ಆಸ್ಪತ್ರೆಗಳಲ್ಲಿ ಗುಣಮಟ್ಟ ಕಾಯಲು ಹಾಕಿರುವ ಸಾಫ್ಟ್‌ವೇರ್ ಎಷ್ಟೋ ಸಲ ಯಾಕೆ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಾಗುತ್ತದೆ.

ನಿಜವಾಗಿ ನಡೆದದ್ದೇನು?

ಸೌಂದರ್ಯವರ್ಧಕ ಕಂಪನಿ ರೆವ್ಲಾನ್ ಪಡೆದಿದ್ದ ಸಾಲದ ಲೆಕ್ಕಪತ್ರವನ್ನು ಸಿಟಿಬ್ಯಾಂಕ್ ನೋಡಿಕೊಳ್ಳುತ್ತಿತ್ತು. 2020ರ ಆಗಸ್ಟ್ 11ರಂದು ಸಾಲ ಕೊಟ್ಟವರಿಗೆ ಹೋಗಬೇಕಿದ್ದದ್ದು ಸುಮಾರು 78 ಲಕ್ಷ ಡಾಲರ್ ಬಡ್ಡಿ ಮಾತ್ರ. ಅಸಲೂ ಸೇರಿ ಹೋದದ್ದು ಸುಮಾರು 90 ಕೋಟಿ.

ಬ್ಯಾಂಕು ಬಳಸುತ್ತಿದ್ದ ಫ್ಲೆಕ್ಸ್‌ಕ್ಯೂಬ್ ಸಾಫ್ಟ್‌ವೇರಿನಲ್ಲಿ ಆ ದಿನದ ಪಾವತಿಗೆ ಒಂದು ಸುತ್ತುಬಳಸಿನ ದಾರಿ ಹಿಡಿಯಬೇಕಾಗಿತ್ತು. ಇಡೀ ಸಾಲವೇ ತೀರುತ್ತಿದೆ ಎಂಬಂತೆ ನಮೂದಿಸಬೇಕು, ಅಸಲು ಮಾತ್ರ ಹೊರಗೆ ಹೋಗದೆ ಬ್ಯಾಂಕಿನ ಒಳಗಿನ ಖಾತೆಯೊಂದಕ್ಕೆ ಬೀಳುವಂತೆ ಮಾಡಬೇಕು. ಅದಕ್ಕೆ ಪ್ರಿನ್ಸಿಪಲ್, ಫ್ರಂಟ್, ಫಂಡ್ ಎಂಬ ಮೂರೂ ಬಾಕ್ಸುಗಳನ್ನು ತುಂಬಬೇಕಿತ್ತು. ನೌಕರರು ತುಂಬಿದ್ದು ಪ್ರಿನ್ಸಿಪಲ್ ಒಂದನ್ನೇ. ತಡೆಯಬೇಕಾದದ್ದು ಅಸಲನ್ನು, ಬಾಕ್ಸಿನ ಹೆಸರೂ ಅಸಲು. ಅವರ ಜಾಗದಲ್ಲಿ ನೀವಿದ್ದರೆ ಇನ್ನೇನು ಮಾಡುತ್ತಿದ್ದಿರಿ?

ಒಬ್ಬರು ನಮೂದಿಸಿದರು, ಇನ್ನೊಬ್ಬರು ಪರಿಶೀಲಿಸಿದರು. ಇಬ್ಬರೂ ಭಾರತದಲ್ಲಿದ್ದ ಹೊರಗುತ್ತಿಗೆ ನೌಕರರು. ಮೂರನೆಯವರಾಗಿ ಅನುಮೋದನೆ ಕೊಟ್ಟದ್ದು ಅಮೆರಿಕದ ಡೆಲವೇರ್‌ನಲ್ಲಿದ್ದ ಬ್ಯಾಂಕಿನ ಹಿರಿಯ ಅಧಿಕಾರಿ. ಆರು ಕಣ್ಣು ನೋಡಿದರೆ ತಪ್ಪಾಗುವುದಿಲ್ಲ ಎಂಬ ಲೆಕ್ಕ ಅದು. ಆದರೆ ಮೂವರೂ ನೋಡಿದ್ದು ಅದೇ ಸ್ಕ್ರೀನನ್ನು, ಮೂವರೂ ಅರ್ಥ ಮಾಡಿಕೊಂಡದ್ದು ಒಂದೇ ರೀತಿ. ಸಾಫ್ಟ್‌ವೇರ್ ಎಚ್ಚರಿಕೆಯನ್ನೂ ಕೊಟ್ಟಿತ್ತು: ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಲೇ ಎಂದು. ಎಷ್ಟು ಹಣ ಎಂದು ಮಾತ್ರ ಹೇಳಲಿಲ್ಲ. ಬಡ್ಡಿಯಂತೂ ಹೊರಗೆ ಹೋಗಲೇಬೇಕಿತ್ತಲ್ಲ, ಆದ್ದರಿಂದ ಎಚ್ಚರಿಕೆಯಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ.

ಕೆಲವರು ಹಣ ಮರಳಿಸಿದರು, ಸುಮಾರು 50 ಕೋಟಿ ಡಾಲರ್ ಮರಳಲಿಲ್ಲ. ಹಣ ಪಡೆದವರು ಇಟ್ಟುಕೊಳ್ಳಬಹುದು ಎಂದು 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಫಾರ್ವರ್ಡ್ ಸಂದೇಶಗಳು ಸಾಮಾನ್ಯವಾಗಿ ಇಷ್ಟು ದೂರ ಬರುವುದಿಲ್ಲ.

ಕಾರ್ಖಾನೆಗೂ ಇದಕ್ಕೂ ಏನು ಸಂಬಂಧ?

ಗುಣಮಟ್ಟ ನಿರ್ವಹಣೆಯ ಸಾಫ್ಟ್‌ವೇರ್ ಎಂದರೆ ಕಾರ್ಖಾನೆ, ಔಷಧ ಕಂಪನಿ, ಲ್ಯಾಬುಗಳಲ್ಲಿ ದೋಷಗಳನ್ನು ದಾಖಲಿಸುವ, ಕಾರಣ ಹುಡುಕುವ, ಮತ್ತೆ ಆಗದಂತೆ ಕ್ರಮ ಕೈಗೊಂಡದ್ದನ್ನು ಬರೆದಿಡುವ ವ್ಯವಸ್ಥೆ. ಅಲ್ಲೂ ಇದೇ ಬಗೆಯ ನಂಬಿಕೆ ಕೆಲಸ ಮಾಡುತ್ತದೆ: ಒಬ್ಬ ತುಂಬುತ್ತಾನೆ, ಇನ್ನೊಬ್ಬ ನೋಡುತ್ತಾನೆ, ಮತ್ತೊಬ್ಬ ಅನುಮೋದಿಸುತ್ತಾನೆ, ಹಾಗಾಗಿ ಎಲ್ಲ ಸರಿಯಿರುತ್ತದೆ.

ಎಂ.ಎ. ಓದುವಾಗ ಪ್ರಾಜೆಕ್ಟಿಗಾಗಿ ಪೀಣ್ಯದ ಒಂದು ಬಿಡಿಭಾಗ ಘಟಕದಲ್ಲಿ ಕೆಲವು ದಿನ ಕೂತಿದ್ದೆ. ಒಂದು ರಿಜೆಕ್ಷನ್ ದಾಖಲಿಸಲು ಸೂಪರ್‌ವೈಸರ್ ಮೂರು ಪುಟ ದಾಟಬೇಕು, ಉದ್ದನೆಯ ಪಟ್ಟಿಯಿಂದ ದೋಷದ ಕೋಡ್ ಆರಿಸಬೇಕು. ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿ. ಸ್ವಲ್ಪ ತಡವಾದರೆ ಲಾಗಿನ್ ಹೋಗಿ, ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅವರು ಕಂಡುಕೊಂಡ ಉಪಾಯ ಸರಳ. ದಿನವಿಡೀ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಶಿಫ್ಟ್ ಮುಗಿಯುವಾಗ ಎಲ್ಲವನ್ನೂ ಒಟ್ಟಿಗೆ ‘ಇತರೆ’ ಎಂಬ ಕೋಡಿಗೆ ಹಾಕಿ ಮನೆಗೆ ಹೋಗುವುದು. ‘ಮೇಡಂ, ಇದನ್ನ ತುಂಬ್ತಾ ಕೂತ್ರೆ ಮೆಷಿನ್ ಯಾರು ನೋಡ್ತಾರೆ?’ ಅಂದರು.

ತಿಂಗಳ ಕೊನೆಯ ವರದಿಯಲ್ಲಿ ಅತಿ ದೊಡ್ಡ ದೋಷ ‘ಇತರೆ’. ಕಾರಣದ ಕಾಲಂನಲ್ಲಿ ‘ಆಪರೇಟರ್ ತಪ್ಪು’, ಕ್ರಮದ ಕಾಲಂನಲ್ಲಿ ‘ಮತ್ತೆ ತರಬೇತಿ ನೀಡಲಾಗಿದೆ’. ಆಡಿಟ್‌ಗೆ ಬಂದವರು ನೋಡಿದರೆ ಯಾವ ಕಾಲಮೂ ಖಾಲಿಯಿಲ್ಲ. ಯಾವ ಮೆಷಿನಿನಲ್ಲಿ, ಯಾವ ಹೊತ್ತಿನಲ್ಲಿ ಅಳತೆ ಕೆಟ್ಟಿತು ಎಂಬ ಬೇಕಾದ ಮಾಹಿತಿ ನೋಟ್‌ಬುಕ್ಕಿನಲ್ಲೇ ಉಳಿಯಿತು. ಕೆಟ್ಟ ಸ್ಕ್ರೀನಿನ ನಿಜವಾದ ಅಪಾಯ ಇದೇ ಎಂದು ನನ್ನ ಅನಿಸಿಕೆ. ಅದು ಕೆಲಸ ನಿಧಾನ ಮಾಡುವುದಕ್ಕಿಂತ ಹೆಚ್ಚಾಗಿ ಸುಳ್ಳು ದಾಖಲೆ ಹುಟ್ಟಿಸುತ್ತದೆ, ಅದೂ ಪ್ರಾಮಾಣಿಕ ಜನರ ಕೈಯಿಂದ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದಕ್ಕೆ ಕಂಪ್ಯೂಟರೇ ಬೇಕಿಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನುದ್ದಕ್ಕೂ ಒಂದು ಹಗ್ಗ ಇರುತ್ತಿತ್ತು. ಏನೋ ಸರಿಯಿಲ್ಲ ಅನ್ನಿಸಿದರೆ ಕಾರ್ಮಿಕ ಅದನ್ನು ಎಳೆದರೆ ಸಾಕು. ದೀಪ ಹತ್ತಿ ಮೇಲಿನವರು ಓಡಿ ಬರುತ್ತಿದ್ದರು, ಬೇಗ ಸರಿಯಾಗದಿದ್ದರೆ ಸಾಲೇ ನಿಲ್ಲುತ್ತಿತ್ತು. ಕೋಡೂ ಬೇಡ, ಪಾಸ್‌ವರ್ಡೂ ಬೇಡ.

ಆಸ್ಪತ್ರೆಯಲ್ಲಿ ಇದು ಜೀವದ ಪ್ರಶ್ನೆ

ತಪ್ಪು ರೋಗಿಗೆ ತಪ್ಪು ಔಷಧ ಹೋಗದಿರಲಿ ಎಂದು ಅಮೆರಿಕದ ಆಸ್ಪತ್ರೆಗಳು ಬಾರ್‌ಕೋಡ್ ವ್ಯವಸ್ಥೆ ತಂದವು. ರೋಗಿಯ ಕೈಪಟ್ಟಿ ಮತ್ತು ಔಷಧ ಎರಡನ್ನೂ ಸ್ಕ್ಯಾನ್ ಮಾಡಿದ ಮೇಲೆಯೇ ಔಷಧ ಕೊಡಬೇಕು. ಐದು ಆಸ್ಪತ್ರೆಗಳಲ್ಲಿ ನರ್ಸುಗಳ ಜೊತೆಗಿದ್ದು ಗಮನಿಸಿದ ಸಂಶೋಧಕ ರಾಸ್ ಕೊಪೆಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವ್ಯವಸ್ಥೆಯನ್ನು ಬಳಸಿ ದಾಟುವ 15 ಬಗೆಯ ಅಡ್ಡದಾರಿಗಳನ್ನೂ ಅದಕ್ಕೆ 31 ಬಗೆಯ ಕಾರಣಗಳನ್ನೂ ಪಟ್ಟಿ ಮಾಡಿದರು. ರೋಗಿಯ ಬಾರ್‌ಕೋಡಿನ ಪ್ರತಿಯನ್ನು ಬಾಗಿಲ ಚೌಕಟ್ಟಿಗೆ, ಗಾಡಿಗೆ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮಾಡುವುದು ಅವುಗಳಲ್ಲಿ ಒಂದು. ಸೋಮಾರಿತನವೇ? ಅವರ ಪಟ್ಟಿಯಲ್ಲಿರುವ ಕಾರಣಗಳನ್ನು ನೋಡಿ: ಸುಕ್ಕಾದ ಅಥವಾ ಹರಿದ ಬಾರ್‌ಕೋಡ್, ಕೆಟ್ಟ ಸ್ಕ್ಯಾನರ್, ಮುಗಿದ ಬ್ಯಾಟರಿ, ಸಿಗದ ನೆಟ್‌ವರ್ಕ್, ತುರ್ತು ಪರಿಸ್ಥಿತಿ. ಕಂಪ್ಯೂಟರಿನ ದಾಖಲೆ ಮಾತ್ರ ರೋಗಿಯನ್ನು ಸ್ಕ್ಯಾನ್ ಮಾಡಲಾಗಿದೆ ಎಂದೇ ಹೇಳುತ್ತದೆ.

‘ಐಎಸ್‌ಒ ಇದೆ, ಭಯವಿಲ್ಲ’ ಎನ್ನಬಹುದೇ?

ಇಲ್ಲ. ಐಎಸ್‌ಒ 9001 ಪ್ರಮಾಣಪತ್ರ ಒಂದು ಸಂಸ್ಥೆಯ ಗುಣಮಟ್ಟ ನಿರ್ವಹಣೆಯ ವ್ಯವಸ್ಥೆಗೆ ಸಂಬಂಧಿಸಿದ್ದು, ನಿಮ್ಮ ಕೈಯಲ್ಲಿರುವ ವಸ್ತುವಿಗಲ್ಲ. ಅದನ್ನು ಐಎಸ್‌ಒ ಸಂಸ್ಥೆ ಕೊಡುವುದೂ ಇಲ್ಲ, ಬೇರೆ ಪ್ರಮಾಣೀಕರಣ ಸಂಸ್ಥೆಗಳು ಕೊಡುತ್ತವೆ.

ಬಳಕೆಯ ಸುಲಭತೆಗೂ ಒಂದು ಐಎಸ್‌ಒ ಮಾನದಂಡವಿದೆ, ಸಂಖ್ಯೆ 9241-11. ಅದರ ಪ್ರಕಾರ ಕೇಳಬೇಕಾದದ್ದು ಮೂರು: ನಿರ್ದಿಷ್ಟ ಜನ ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ಕೆಲಸವನ್ನು ಸರಿಯಾಗಿ ಮುಗಿಸುತ್ತಾರೆಯೇ, ಅದಕ್ಕೆ ಎಷ್ಟು ಸಮಯ ಮತ್ತು ಶ್ರಮ ಬೇಕು, ಅವರಿಗೆ ತೃಪ್ತಿಯಿದೆಯೇ. ಇಲ್ಲಿ ‘ನಿರ್ದಿಷ್ಟ ಸಂದರ್ಭ’ ಎನ್ನುವುದು ಮುಖ್ಯ. ಎಸಿ ಕೋಣೆಯ ಡೆಮೊದಲ್ಲಿ ಸಲೀಸಾಗಿ ಓಡಿದ ಸಾಫ್ಟ್‌ವೇರ್, ಎಣ್ಣೆ ಮೆತ್ತಿದ ಕೈಗವಸು ಹಾಕಿ ರಾತ್ರಿ ಪಾಳಿಯಲ್ಲಿ ನಿಂತವರಿಗೂ ಸಲೀಸು ಎಂದೇನೂ ಅಲ್ಲ.

ಪರೀಕ್ಷಿಸಲು ದೊಡ್ಡ ಖರ್ಚೂ ಬೇಕಿಲ್ಲ. ಈ ಕ್ಷೇತ್ರದ ಪರಿಣಿತ ಜೇಕಬ್ ನೀಲ್ಸನ್, ಒಂದು ಸುತ್ತಿಗೆ ಐದು ಬಳಕೆದಾರರು ಸಾಕು, ತಿದ್ದಿ ಮತ್ತೆ ಪರೀಕ್ಷಿಸಿ ಎನ್ನುತ್ತಾರೆ. ಐದೇ ಸಾಕೇ ಎಂಬ ಬಗ್ಗೆ ವಾದ ಇದೆ, ಆದರೆ ಸೊನ್ನೆಗಿಂತ ಐದು ಮೇಲು ಎನ್ನುವುದರಲ್ಲಿ ವಾದವಿಲ್ಲ. ನಿಮ್ಮ ಕಂಪನಿ ಹೊಸ ಸಾಫ್ಟ್‌ವೇರ್ ತರುತ್ತಿದ್ದರೆ ಮಾರಲು ಬಂದವರಿಗೆ ಮೌಸ್ ಕೊಡಬೇಡಿ. ರಾತ್ರಿ ಪಾಳಿಯ ಒಬ್ಬರನ್ನು ಕೂರಿಸಿ, ನಿನ್ನೆ ನಿಜವಾಗಿ ಆದ ಒಂದು ರಿಜೆಕ್ಷನ್ ದಾಖಲಿಸಲು ಹೇಳಿ, ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಅವರು ಎಲ್ಲಿ ನಿಂತರು, ಯಾವ ಪದ ಓದಿ ಮುಖ ಗಂಟಿಕ್ಕಿದರು ಎಂದು ಬರೆದುಕೊಳ್ಳಿ. ಜೇಬಿನಿಂದ ಒಂದು ನೋಟ್‌ಬುಕ್ ತೆಗೆದರೆ, ಅದನ್ನಂತೂ ಖಂಡಿತ ಬರೆದುಕೊಳ್ಳಿ.