ಫ್ರಾಂಕ್ ವಿಲ್ಸನ್: ಒಂದು ದುರ್ಲಭ ಧ್ವನಿಮುದ್ರಿಕೆ

ಚರ್ಚಿನ ಭಕ್ತಿಗಾಯನ ಮತ್ತು ಬ್ಲೂಸ್ ಪರಂಪರೆಗಳಿಂದ ಮೂಡಿಬಂದ ಆಫ್ರಿಕನ್ ಅಮೆರಿಕನ್ನರ ಸಂಗೀತವೇ ‘ಸೋಲ್’. ಅಮೆರಿಕದಲ್ಲಿ ಮಾರಾಟವಾಗದೆ ಮೂಲೆ ಸೇರಿದ್ದ 1960ರ ದಶಕದ ವೇಗಗತಿಯ ಸೋಲ್ ಹಾಡುಗಳಿಗೆ, ನಾನು ನೆಲೆಸಿರುವ ಸಾಲ್ಫರ್ಡಿನ ಸುತ್ತಲಿನ ಊರುಗಳು ಮರುಜೀವ ನೀಡಿದವು. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಹಾಗೂ 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೋ ಇದರ ಪ್ರಮುಖ ನೃತ್ಯಶಾಲೆಗಳು. ಈ ಅಭಿರುಚಿಗೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟವರು ಲೇಖಕ ಡೇವ್ ಗಾಡಿನ್.

ಸಂಗ್ರಾಹಕರು ಅತ್ಯಂತ ದುರ್ಲಭವೆಂದು ಎಣಿಸುವ ಮುದ್ರಿಕೆಗಳಲ್ಲೊಂದು ಫ್ರಾಂಕ್ ವಿಲ್ಸನ್ ಹಾಡಿದ ‘ಡೂ ಐ ಲವ್ ಯೂ’. 1965ರಲ್ಲಿ ಮೋಟೌನ್ ಸಂಸ್ಥೆ ಪ್ರಚಾರಕ್ಕಾಗಿ ಅಚ್ಚೊತ್ತಿಸಿದ ಪ್ರತಿಗಳಲ್ಲಿ ಹೆಚ್ಚಿನವು ನಾಶವಾಗಿ, ಬೆರಳೆಣಿಕೆಯಷ್ಟು ಮಾತ್ರ ಉಳಿದವು. ವಿಲ್ಸನ್ ಗಾಯನವನ್ನು ಬಿಟ್ಟು ಗೀತರಚನೆ, ನಿರ್ಮಾಣಗಳತ್ತ ಹೊರಳಿದರು. ಸುಪ್ರೀಮ್ಸ್ ತಂಡದ ‘ಲವ್ ಚೈಲ್ಡ್’ (1968) ರಚನಕಾರರಲ್ಲಿ ಅವರೂ ಒಬ್ಬರು. ಮುಂದೆ ಕ್ರೈಸ್ತ ಧರ್ಮೋಪದೇಶಕರಾದ ಅವರು 2012ರಲ್ಲಿ ನಿಧನರಾದರು.

ವಿಗನ್ನಿನಲ್ಲಿ ಈ ಹಾಡು ಮೊದಲು ಮೊಳಗಿದ್ದು ಎಡ್ಡೀ ಫಾಸ್ಟರ್ ಎಂಬ ಹುಸಿಹೆಸರಿನಲ್ಲಿ. ಎದುರಾಳಿಗಳಿಗೆ ಗುಟ್ಟು ತಿಳಿಯದಿರಲೆಂದು ಮುದ್ರಿಕೆಯ ನಿಜನಾಮವನ್ನು ಮರೆಮಾಚುವುದು ಅಂದಿನ ರೂಢಿ. ಸಾವಿರಾರು ಜನ ಕುಣಿದರು. ಗಾಯಕನ ಹೆಸರು ಮಾತ್ರ ಮರೆಯಲ್ಲೇ ಉಳಿಯಿತು.

2009ರಲ್ಲಿ ಮೂಲಪ್ರತಿಯೊಂದು 25,742 ಪೌಂಡಿಗೆ ಹರಾಜಾಯಿತು. ಹಳೆಯ ಪ್ರತಿಯ ಇಂಥ ಮರುಮಾರಾಟದಲ್ಲಿ ಗಾಯಕನಿಗೆ ಪಾಲು ಸಲ್ಲದು. 1979ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಮುದ್ರಣವಾದರೋ ಸಾಮಾನ್ಯರ ಕೈಗೆಟುಕುವಂಥದು. ಅದರಲ್ಲಿರುವುದೂ ಅದೇ ಕಂಠ, ಜೊತೆಗೆ ವಿಲ್ಸನ್ನರ ನಿಜನಾಮ. ಹೊಸದಾಗಿ ಸಂಗ್ರಹಕ್ಕೆ ತೊಡಗುವವರಿಗೆ ನಾನು ಸೂಚಿಸುವುದು ಅದನ್ನೇ.