ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟವರು ಯಾರು?

‘ಅರಾಜಕತೆ’ ಎಂದೊಡನೆ ನಿಮಗೆ ದೊಂಬಿ, ಲೂಟಿಗಳೇ ನೆನಪಾಗಬಹುದು. ಆದರೆ ರಾಜಕೀಯ ಚಿಂತನೆಯ ಇತಿಹಾಸದಲ್ಲಿ ಅರಾಜಕತಾವಾದದ ಅರ್ಥವೇ ಬೇರೆ. ಮನುಷ್ಯನನ್ನು ಅವನ ಒಪ್ಪಿಗೆಯಿಲ್ಲದೆ ಆಳುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಿರುಳು. ಈ ಮಾತನ್ನು ಸಂವಿಧಾನಕ್ಕೇ ಅನ್ವಯಿಸಿ ನೋಡಿದವರು ಅಮೆರಿಕದ ವಕೀಲ ಲೈಸಾಂಡರ್ ಸ್ಪೂನರ್ (1808-1887).

ಸ್ಪೂನರ್ ಗುಲಾಮಗಿರಿಯ ಕಡು ವಿರೋಧಿ. ಅಮೆರಿಕದ ಸಂವಿಧಾನದ ಪ್ರಕಾರವೇ ಗುಲಾಮಗಿರಿ ಅಕ್ರಮ ಎಂದು ಅವರು 1845ರಲ್ಲಿ ಪುಸ್ತಕ ಬರೆದು ವಾದಿಸಿದರು. ಇನ್ನೊಬ್ಬ ಹೋರಾಟಗಾರ ವಿಲಿಯಂ ಲಾಯ್ಡ್ ಗ್ಯಾರಿಸನ್ ಇದನ್ನು ಒಪ್ಪಲಿಲ್ಲ. ಆ ಸಂವಿಧಾನವೇ ಗುಲಾಮಗಿರಿಯ ರಕ್ಷಕ ಎಂದು 1854ರ ಜುಲೈ 4ರಂದು ಅದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು.

1861ರಿಂದ 1865ರವರೆಗಿನ ಅಂತರ್ಯುದ್ಧದ ಕೊನೆಗೆ ಗುಲಾಮಗಿರಿ ಅಳಿಯಿತು. ಸ್ಪೂನರ್ ಬಯಸಿದ್ದೂ ಅದನ್ನೇ. ಆದರೆ ಬೇರೆಯಾಗಹೊರಟ ರಾಜ್ಯಗಳನ್ನು ಬಲದಿಂದ ಉಳಿಸಿಕೊಂಡ ಸರ್ಕಾರ ಜನರ ಒಪ್ಪಿಗೆಯ ಸರ್ಕಾರ ಹೇಗಾದೀತು ಎಂದು ಅವರು ಕೇಳಿದರು. 1867ರಿಂದ 1870ರವರೆಗೆ ಪ್ರಕಟವಾದ ‘ನೋ ಟ್ರೀಸನ್’ ಕಿರುಹೊತ್ತಗೆಗಳಲ್ಲಿ ಅವರ ವಾದ ಹೀಗಿದೆ: ಸಂವಿಧಾನ ಒಂದು ಕರಾರು. ಅದನ್ನು ಮಾಡಿದವರು ಎಂದೋ ಸತ್ತುಹೋಗಿದ್ದಾರೆ. ಅಜ್ಜನ ಕರಾರು ಮೊಮ್ಮಗನನ್ನು ಕಟ್ಟಿಹಾಕಲಾರದು. ತೆರಿಗೆ ಕೊಡುವುದು ಒಪ್ಪಿಗೆಯಲ್ಲ, ಅದು ಬಲವಂತದ ವಸೂಲಿ. ಮತ ಹಾಕುವವನೂ ಹಲವು ವೇಳೆ ತನ್ನ ರಕ್ಷಣೆಗಾಗಿ ಹಾಕುತ್ತಾನೆಯೇ ಹೊರತು ಸಂವಿಧಾನವನ್ನು ಒಪ್ಪಿದ್ದರಿಂದಲ್ಲ.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. 1787-88ರಲ್ಲಿ ಆ ಸಂವಿಧಾನ ಅಂಗೀಕಾರವಾದಾಗ ಗುಲಾಮರನ್ನಾಗಲಿ ಬಹುಪಾಲು ಮಹಿಳೆಯರನ್ನಾಗಲಿ ಕೇಳಿದವರಿಲ್ಲ. ಆದರೆ ಇನ್ನೊಂದು ಮುಖವನ್ನೂ ಗಮನಿಸಿ. ಬಿಡುಗಡೆ ಹೊಂದಿದ ಗುಲಾಮರಿಗೆ ಪೌರತ್ವ ಸಿಕ್ಕಿದ್ದು 1868ರ 14ನೇ ತಿದ್ದುಪಡಿಯಿಂದ, ಅಂದರೆ ಅದೇ ಸಂವಿಧಾನದಿಂದ. ದುರ್ಬಲನಿಗೆ ಕಾಗದದ ಮೇಲಿನ ಹಕ್ಕೂ ಒಂದು ಆಸರೆ.

ಸತ್ತವರು ಬದುಕಿರುವವರನ್ನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆಯನ್ನು ಥಾಮಸ್ ಜೆಫರ್ಸನ್ 1789ರಲ್ಲೇ ಎತ್ತಿದ್ದರು. ಅವರು ಅರಾಜಕತಾವಾದಿಯಲ್ಲ. 1949ರ ನವೆಂಬರ್ 25ರಂದು ನಮ್ಮ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಜೆಫರ್ಸನ್‌ರ ಈ ವಿಚಾರವನ್ನು ನೆನಪಿಸಿ, ಮುಂದಿನ ಪೀಳಿಗೆಗೆ ತಿದ್ದುಪಡಿಯ ದಾರಿ ತೆರೆದಿಟ್ಟಿದ್ದೇವೆ ಎಂದು ವಿವರಿಸಿದರು. 368ನೇ ವಿಧಿಯೇ ಆ ದಾರಿ. 2023ರ ಹೊತ್ತಿಗೆ 106 ತಿದ್ದುಪಡಿಗಳಾಗಿದ್ದವು.

ಸ್ಪೂನರ್ ಕೊಟ್ಟ ಉತ್ತರವನ್ನು ನೀವು ಒಪ್ಪಬೇಕಿಲ್ಲ. ಅವರ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಓದದೆ, ಪ್ರಶ್ನಿಸದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಆದ್ದರಿಂದ ಪರೀಕ್ಷೆಗಾಗಿ ಮಾತ್ರವಲ್ಲ, ನಿಮ್ಮ ಹಕ್ಕನ್ನು ಅರಿಯುವುದಕ್ಕಾಗಿಯೂ ಸಂವಿಧಾನವನ್ನು ಒಮ್ಮೆ ಪೂರ್ತಿ ಓದಿ.