ಚಿನ್ನದ ಲೆಕ್ಕ ಇದೆ, ಧೂಳಿನ ಲೆಕ್ಕ ಎಲ್ಲಿ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಚಿಕ್ಕವನಿದ್ದಾಗ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಮಿಂಚು ಬರಿಸ್ತಿದ್ವಿ. ಬಿಳಿ ಕಲ್ಲು, ಕಬ್ಬಿಣಕ್ಕಿಂತ ಗಟ್ಟಿ, ಗಾಜಿನ ಮೇಲೆ ಎಳೆದ್ರೆ ಗೀರು ಬೀಳ್ತಿತ್ತು. ಆ ಗಾಜು ಮಾಡೋದೂ ಇದೇ ಕಲ್ಲಿನ ಮರಳಿಂದ. ಕೈಯಲ್ಲಿ ಹಿಡಿದ್ರೆ ಏನೂ ಆಗಲ್ಲ. ಪುಡಿಯಾಗಿ ಎದೆಗೆ ಇಳಿದ್ರೆ ಮನುಷ್ಯನನ್ನೇ ತಿನ್ನುತ್ತೆ.

ಕೆಜಿಎಫ್ ಅಂದ ಕೂಡಲೇ ಚಿನ್ನ ಅಂತೀವಿ. (ಈಗ ಸಿನಿಮಾ ಅಂತಾರೆ, ಬಿಡಿ.) ಆದರೆ ಭೂಮಿಯ ಒಳಗೆ ಕಾರ್ಮಿಕ ಒಡೆದದ್ದು ಚಿನ್ನವನ್ನಲ್ಲ, ಅದನ್ನು ಹೊತ್ತಿದ್ದ ಈ ಬೆಣಚುಕಲ್ಲನ್ನು. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದ್ರೆ ಸಿಗ್ತಿದ್ದದ್ದು ಬೆರಳೆಣಿಕೆಯ ಗ್ರಾಂ ಚಿನ್ನ. ಉಳಿದದ್ದೆಲ್ಲ ಧೂಳು.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಸುರಂಗಕ್ಕೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಜಾತಿಯ ಜೀತ ಬಿಟ್ಟು ಬಂದ ತಮಿಳು ದಲಿತರು. ಊರಲ್ಲಿ ಇಲ್ಲದ ಕೂಲಿ ಇಲ್ಲಿತ್ತು. ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಹುಟ್ಟಿದ್ದೂ ಈ ಜನರ ನಡುವೆಯೇ. ತಲೆ ಎತ್ತಿ ನಡೆಯೋಕೆ ಕಲಿತ ಜಾಗವೇ ಉಸಿರು ಕಿತ್ಕೊಂಡಿತು.

ಕಲ್ಲು ಕೊರೆಯುವಾಗ ಏಳುವ ಕಣಗಳಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣವು ಶ್ವಾಸಕೋಶದ ತಳಕ್ಕೆ ಹೋಗಿ ಕೂರ್ತವೆ. ದೇಹದ ರಕ್ಷಕ ಕಣಗಳು ಅವನ್ನು ನುಂಗ್ತವೆ, ಕರಗಿಸೋಕಾಗದೆ ತಾವೇ ಸಾಯ್ತವೆ. ಸತ್ತಲ್ಲೆಲ್ಲ ಗಾಯದ ಗಂಟು. ಶ್ವಾಸಕೋಶ ಗಟ್ಟಿಯಾಗುತ್ತೆ. ಕೆಲಸ ಬಿಟ್ಟರೂ ನಿಲ್ಲಲ್ಲ. ಸಿಲಿಕೋಸಿಸ್ ಅಂತಾರೆ, ಇದಕ್ಕೆ ಗುಣವಾಗುವ ಔಷಧಿ ಇವತ್ತಿಗೂ ಇಲ್ಲ. ಇದರ ಮೇಲೆ ಟಿಬಿ ಬೇಗ ಹತ್ತುತ್ತೆ. ಹಾಗಾಗಿ ಎಷ್ಟೋ ಜನರ ಚೀಟಿಯಲ್ಲಿ ಬರೀ ಟಿಬಿ ಅಂತ ಬರೆದು ಮುಗಿಸಿಬಿಡ್ತಾರೆ, ಕಲ್ಲಿನ ಹೆಸರೇ ಬರಲ್ಲ.

ಗೊತ್ತಿರಲಿಲ್ಲವಾ? ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಬಿಳಿಯ ಕೊರೆತಗಾರರು ಇದೇ ಧೂಳಿಗೆ ಸಾಯತೊಡಗಿದಾಗ ಬ್ರಿಟಿಷರು 1902ರಲ್ಲೇ ಆಯೋಗ ಕೂರಿಸಿದ್ರು. ನಮ್ಮಲ್ಲಿ? 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಳ್ಳೋಕೆ ಹೊರಟ್ರು, ಇಡೀ ಗಣಿ ಮುಷ್ಕರ ಹೂಡಿತು. ಬೆರಳು ಮೊದಲು ನೆನಪಾಯ್ತು ನೋಡಿ. ಎದೆ ನೋಡಿದ್ದು 1940ರಿಂದ 46ರ ನಡುವೆ. 7,653 ಜನರನ್ನು ಪರೀಕ್ಷಿಸಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಈ ಸಾಲನ್ನ ಇನ್ನೊಂದು ಸಲ ಓದಿ.

ನೀರು ಹಾಯಿಸಿ ಕೊರೆದ್ರೆ ಧೂಳು ಬಹಳಷ್ಟು ಕೂರುತ್ತೆ, ಗಾಳಿ ಆಡಿಸಿದ್ರೆ ಇನ್ನೂ ಕಮ್ಮಿ ಆಗುತ್ತೆ. ದೊಡ್ಡ ವಿಜ್ಞಾನ ಏನಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ತೆಗೆದ್ರು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಅರೆದು ಬಿಸಾಕಿದ ಪುಡಿ ಬೆಟ್ಟಗಳಾಗಿ ಊರ ನಡುವೆಯೇ ನಿಂತಿದೆ. ಬೇಸಿಗೆ ಗಾಳಿಗೆ ಲೈನ್ ಮನೆಗಳ ಅನ್ನದ ತಟ್ಟೆವರೆಗೂ ಬರುತ್ತೆ. ಇವತ್ತು ಕ್ವಾರಿ, ಕ್ರಷರ್‌ಗಳಲ್ಲಿ ಮೂಗಿಗೆ ಟವೆಲ್ ಕಟ್ಕೊಂಡು ನಿಂತಿರೋರು ಯಾರ ಮಕ್ಕಳು ಅಂತ ನಾನು ಹೇಳಬೇಕಾಗಿಲ್ಲ. ಅಷ್ಟು ಸಣ್ಣ ಕಣವನ್ನ ಆ ಟವೆಲ್ ತಡೆಯಲ್ಲ.

ರಾಜಸ್ಥಾನ 2019ರಲ್ಲಿ ಸಿಲಿಕೋಸಿಸ್ ರೋಗಿಗಳಿಗೆ ಪರಿಹಾರದ ನೀತಿ ತಂದಿದೆ. ಅಲ್ಲೂ ಕೇಳೋದು ಕಾಗದ. ಅದಕ್ಕೇ ಇದನ್ನ ಬರೆದೆ. ನಿಮ್ಮ ತಾತ, ಅಪ್ಪ ಗಣಿಯಲ್ಲೋ ಕ್ವಾರಿಯಲ್ಲೋ ದುಡಿದಿದ್ರೆ ಹಳೇ ಎಕ್ಸ್‌ರೇ, ಹಾಜರಿ ಕಾರ್ಡು, ಆಸ್ಪತ್ರೆ ಚೀಟಿ ಏನೇ ಇರಲಿ, ಗುಜರಿಗೆ ಹಾಕಬೇಡಿ. ಫೋಟೋ ತೆಗೆದು ನನಗೆ ಕಳಿಸಿ.